ನಾಲ್ಕು–ಮೂರರಲ್ಲಿ ಗುರುರಾಜ ಹೇಳಿದ ಮಾತು

ಗುರುರಾಜ ನನಗೆ ಹೇಳಿದ್ದ, ವೈನಿ. ಎದೆ ಹಿಡಿದಂತಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದ್ದ. ನಿಮ್ಮ ಗಂಡ ಯಾವ ಸೂಚನೆಯೂ ಇಲ್ಲದೆ ಹೋಗಿಬಿಟ್ಟ ಎಂದು ನಾನು ನಿಮಗೆ ಹೇಳಿದ್ದು ಸುಳ್ಳು. ಪ್ರತಿ ಬೇಸಿಗೆ ಅವನ ಹೆಸರಿನ ಕಪ್ ಕೊಡುವಾಗ ಮೈಕ್ ಹಿಡಿದು ಅದೇ ಸುಳ್ಳನ್ನು ಹೇಳುತ್ತ ಬಂದಿದ್ದೇನೆ. ನೀವು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದೀರಿ.

ನಮ್ಮ ಟೆನಿಸ್ ಕ್ಲಬ್ಬಿನ ಇತಿಹಾಸ ಬರೆದುಕೊಡಿ ಎಂದು ಹುಡುಗರು ಕೇಳಿದರು. "ಅಂಕಲ್, ನೀವೇ ಸೀನಿಯರ್, ನಿಮಗೇ ಎಲ್ಲ ಗೊತ್ತು" ಎಂದರು. ಹೌದು, ನನಗೇ ಎಲ್ಲ ಗೊತ್ತು! ಜಂಬದಿಂದಲೇ ಬರೆಯಲು ಕುಳಿತೆ. ಗುರುರಾಜ ಹೋದ ಬೇಸಿಗೆಯವರೆಗೆ ಸಲೀಸಾಗಿ ಬಂತು. ಆಮೇಲೆ — ಆಮೇಲೆ ಏನೆಂದು ಬರೆಯಲಿ? ಮತ್ತೆ ಅದೇ "ಅನಿರೀಕ್ಷಿತ" ಎಂಬ ಪದವನ್ನೇ ಬರೆಯಲು ಹೋದೆ, ಕೈ ಏಳಲಿಲ್ಲ.

ಶುರುವಾದದ್ದು ನಿಮಗೂ ನೆನಪಿರಬೇಕು. ಷಿಕಾಗೊ ಪಕ್ಕದ ಡೌನರ್ಸ್ ಗ್ರೋವ್‌ನ ಹೈಸ್ಕೂಲ್ ಕೋರ್ಟು, ಶನಿವಾರ ಬೆಳಿಗ್ಗೆ ನಾಲ್ಕೈದು ಮನೆಯವರು, ನಡುವೆ ಜೋತುಬಿದ್ದ ನೆಟ್ಟು. ಅದನ್ನು ಗುರುರಾಜ ತನ್ನ ಹಳೇ ಬೆಲ್ಟಿನಿಂದ ಬಿಗಿದು ಕಟ್ಟುತ್ತಿದ್ದ. ಆಟಕ್ಕಿಂತ ಹರಟೆಯೇ ಹೆಚ್ಚು. ನೀವು ಕಳಿಸಿದ ಒಗ್ಗರಣೆ ಅವಲಕ್ಕಿಯ ಡಬ್ಬಿ ಬೆಂಚಿನ ಮೇಲೆ ಇರುತ್ತಿತ್ತು. ಆಗ ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ಬಳಿಯ ಕ್ಯಾಂಟನ್‌ನಲ್ಲೂ ನಮ್ಮವರು ಹೀಗೇ ಆಡುತ್ತಾರೆಂದು ತಿಳಿಯಿತು. ಅವರೆಲ್ಲ ಕಾರು ಕಂಪನಿಗಳ ಎಂಜಿನಿಯರುಗಳು. ಒಂದು ವರ್ಷ ನಾವು ಅಲ್ಲಿಗೆ, ಒಂದು ವರ್ಷ ಅವರು ಇಲ್ಲಿಗೆ. ಷಿಕಾಗೊ–ಡೆಟ್ರಾಯಿಟ್ ಟೂರ್ನಮೆಂಟ್ ಹುಟ್ಟಿದ್ದು ಹಾಗೆ.

ನಿಯಮ ಮಾಡಿದವನು ನಿಮ್ಮ ಗಂಡನೇ: ಸೋತ ಊರಿನವರು ಬಡಿಸಬೇಕು, ಗೆದ್ದವರು ಕೂತು ಉಣ್ಣಬೇಕು. ಪಾರ್ಕಿನ ಶೆಲ್ಟರಿನ ಸೂರಿನಡಿ ಸಾಲಾಗಿ ಬಾಳೆಯೆಲೆ ಹಾಸಿ, ಸೋತವರು ಸೌಟು ಹಿಡಿದು ನಿಲ್ಲಬೇಕು. ತಮಾಷೆಗೆಂದು ಮಾಡಿದ ನಿಯಮ. ಎಲ್ಲರೂ ನಕ್ಕು ಮರೆಯುತ್ತಿದ್ದರು. ನಾನು ಮರೆಯಲಿಲ್ಲ.

ಅವನು ಹೋಗುವ ಹಿಂದಿನ ವರ್ಷ ಕ್ಯಾಂಟನ್‌ನಲ್ಲಿ ಕೊನೆಯ ಡಬಲ್ಸ್ ಸೋತದ್ದು ನಾನು ಮತ್ತು ಗುರುರಾಜ. ಗೆದ್ದ ಕ್ಯಾಂಟನ್ ಜೋಡಿಯ ಮೂರ್ತಿ, ಮೂಲ ಮೈಸೂರಿನವನು, ಎಲೆಯ ಮುಂದೆ ಕೂತು ನನ್ನನ್ನು ಮತ್ತೆ ಮತ್ತೆ ಕರೆದ. "ಡಾಕ್ಟ್ರೇ, ಇನ್ನೊಂದ್ ಸೌಟು ಸಾರ್ ಹಾಕಿ. ಆಟ ಹೆಂಗಾದ್ರೂ ಇರ್ಲಿ, ಬಡಿಸೋ ಕೈ ಮಾತ್ರ ಚೆನ್ನಾಗಿದೆ ನಿಮ್ದು!" ಎಲ್ಲರೂ ನಕ್ಕರು. ಗುರುರಾಜ ಎಲ್ಲರಿಗಿಂತ ಜೋರಾಗಿ ನಕ್ಕ. ನಾನೂ ಹಲ್ಲು ಕಿರಿದೆ. ಒಳಗೆ ಕುದಿಯುತ್ತಿದ್ದೆ. ಇಷ್ಟು ಸಣ್ಣ ಮನುಷ್ಯ ನಾನು, ವೈನಿ. ಒಂದು ಸೌಟು ಸಾರಿಗೆ ವರ್ಷವಿಡೀ ಹಗೆ ಕಾಯ್ದವನು.

ಇನ್ನೊಂದು ರೋಗವೂ ನನಗಿತ್ತು. ನಮ್ಮವರ ಯಾವ ಮನೆಯ ಊಟಕ್ಕೆ ಹೋದರೂ ತಟ್ಟೆ ಹಿಡಿದುಕೊಂಡು ಒಬ್ಬರಾದ ಮೇಲೊಬ್ಬರು ಬರುತ್ತಿದ್ದರು. ಡಾಕ್ಟ್ರೇ, ಇಲ್ಲಿ ನೋವು. ಅಂಕಲ್, ಅಲ್ಲಿ ಉರಿ. ಅವರನ್ನು ಸಾಗಹಾಕಲು ನಾನೊಂದು ಮಾತು ಕಲಿತಿದ್ದೆ: "ಗ್ಯಾಸ್ ಅದ, ಬಿಡ್ರಿ." ಸುತ್ತಲಿನವರು ಗೊಳ್ಳೆನ್ನುತ್ತಿದ್ದರು. ಗ್ಯಾಸ್ ಡಾಕ್ಟರ್ ಎಂದು ಹೆಸರೂ ಬಿತ್ತು. ಕ್ಲಿನಿಕ್ಕಿನಲ್ಲಿ ಯಾರಿಗೂ ಹಾಗೆ ಹೇಳಿದವನಲ್ಲ. ಅಲ್ಲಿ ಎದೆನೋವು ಎಂದವರನ್ನು ಮುಟ್ಟಿ ನೋಡದೆ ಕಳಿಸಿದವನಲ್ಲ. ನಮ್ಮವರಿಗೆ ಮಾತ್ರ —

ಮರುವರ್ಷ ಅವರು ಇಲ್ಲಿಗೆ ಬಂದರು. ಫ್ಯಾರನ್‌ಹೀಟಿನಲ್ಲಿ ತೊಂಬತ್ತಾರು ಡಿಗ್ರಿ ಬಿಸಿಲು, ಕೋರ್ಟಿನ ಕಾವು ಶೂಗಳ ತಳಕ್ಕೂ ತಟ್ಟುತ್ತಿತ್ತು. ಎರಡೂ ಊರು ಸಮಸಮ ಬಂದು, ಎಲ್ಲವೂ ಕೊನೆಯ ಡಬಲ್ಸಿಗೆ ಬಂದು ನಿಂತಿತು. ಮತ್ತೆ ನಾವಿಬ್ಬರು, ಎದುರಿಗೆ ಮತ್ತೆ ಮೂರ್ತಿಯ ಜೋಡಿ. ಕೊನೆಯ ಸೆಟ್ಟಿನಲ್ಲಿ ನಾಲ್ಕು–ಮೂರು, ನಾವು ಮುಂದಿದ್ದೆವು. ಇನ್ನೆರಡು ಗೇಮ್ ಗೆದ್ದರೆ ಮೂರ್ತಿ ಸೌಟು ಹಿಡಿಯಬೇಕು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ತುದಿ ಬದಲಿಸುವ ಮೊದಲು ಬೆಂಚಿನ ಮೇಲೆ ಕೂತೆವು. ಗುರುರಾಜ ನೀರಿನ ಬಾಟಲಿಯನ್ನು ಬಾಯಿಗೆ ಎತ್ತದೆ ಸುಮ್ಮನೆ ಹಿಡಿದುಕೊಂಡಿದ್ದ.

"ಡಾಕ್ಟ್ರ, ಎದಿ ಒಂಥರಾ ಹಿಡದಂಗ ಆಗೇದೋ. ಎಡಗೈನೂ ಜೋಮ್ ಹಿಡದದ" ಎಂದ.

"ಗ್ಯಾಸ್ ಲೇ ಅದು. ಮುಂಜಾನೆ ಅಷ್ಟ ಅವಲಕ್ಕಿ ಬಡದೀಯಲ್ಲ! ಎರಡ ಗೇಮ್ ಅದಾವ, ನಡಿ."

ಅವನು ನನ್ನ ಮುಖ ನೋಡಿದ. "ಹೌದೇನು? ನೀ ಅಂದ ಮ್ಯಾಲೆ ಮುಗೀತು ಬಿಡು" ಎಂದು ಎದ್ದ.

ನಾನು ತಪ್ಪು ತಿಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಗಡಿಬಿಡಿ, ಬಿಸಿಲು, ಅಭ್ಯಾಸಬಲ — ಅಲ್ಲ. ಇವತ್ತು ಅದನ್ನೂ ಹೇಳಿಬಿಡುತ್ತೇನೆ. ನಾನು ನೋಡಿದ್ದೆ, ವೈನಿ. ಅವನ ಹಣೆಯ ಬೆವರು ಆಟದ ಬೆವರಲ್ಲ ಎಂದು ನನಗೆ ಗೊತ್ತಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನನ್ನ ಕಾರಿನಲ್ಲಿ ಆಸ್ಪಿರಿನ್ ಇತ್ತು, ಆಸ್ಪತ್ರೆ ಎರಡು ಮೈಲಿ ದೂರವೂ ಇರಲಿಲ್ಲ. ಆಟ ನಿಲ್ಲಿಸಿದ್ದರೆ ಮೂರ್ತಿ ಬೇಡ ಎನ್ನುತ್ತಿರಲಿಲ್ಲ, ತಾನೇ ಕಾರು ತೆಗೆಯುತ್ತಿದ್ದ. ಆದರೆ ನಡುವೆ ಬಿಟ್ಟರೆ ಪಂದ್ಯ ಅವರದು, ಅದು ನಿಯಮ. ಮತ್ತೆ ನಾನು ಸೌಟು ಹಿಡಿದು ನಿಲ್ಲಬೇಕು. ಆಟ ಮುಗಿಯಲಿ, ಆಮೇಲೆ ಕರೆದೊಯ್ಯುತ್ತೇನೆ ಎಂದು ಎಣಿಸಿದೆ. ಎಣಿಸಿದೆ ಎಂದರೆ ಗೊತ್ತಿತ್ತೆಂದೇ ಅರ್ಥವಲ್ಲವೇ?

ಅವನು ಸರ್ವ್ ಮಾಡಿದ ಆ ಗೇಮನ್ನು ಗೆದ್ದೆವು. ಐದು–ಮೂರು. ಆಮೇಲೆ ಮೂರ್ತಿಯ ಸರ್ವ್. ಚೆಂಡು ಗುರುರಾಜನ ಪಕ್ಕದಲ್ಲೇ ಹಾದುಹೋಯಿತು. ಅವನು ರಾಕೆಟ್ ಎತ್ತಲೇ ಇಲ್ಲ. ನಾನು ಸಿಟ್ಟಿನಿಂದ ಕೂಗಿದೆ: "ಏನಲೇ, ಕಣ್ಣ ಕಾಣೂದಿಲ್ಲೇನು!" ತಿರುಗಿ ನೋಡುವಷ್ಟರಲ್ಲಿ ಅವನು ಮೊಣಕಾಲೂರಿದ್ದ. ಅವನ ಕಿವಿಗೆ ಬಿದ್ದ ಕೊನೆಯ ಮಾತು ಅದು. ನನ್ನದು.

ಆಮೇಲೆ ಎದೆ ಒತ್ತಿದೆ, ಆಂಬುಲೆನ್ಸ್ ಬರುವವರೆಗೂ ಒತ್ತಿದೆ. ಅದನ್ನು ಎಲ್ಲರೂ ನೋಡಿದರು. ಡಾಕ್ಟ್ರು ಎಷ್ಟು ಕಷ್ಟಪಟ್ಟರು ಎಂದು ಎರಡೂ ಊರಿನವರು ಕೊಂಡಾಡಿದರು. ಮೊದಲು ನೋವು ಎಂದಿದ್ದರೇ ಎಂದು ಆಂಬುಲೆನ್ಸಿನವರು ಕೇಳಿದಾಗ ಇಲ್ಲ ಎಂದೆ. ನೀವು ಆಸ್ಪತ್ರೆಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, "ನೀವಿದ್ರಲ್ಲ ಅವರ ಹತ್ರ, ಅಷ್ಟ ಸಮಾಧಾನ ನನಗ" ಎಂದಿರಿ. ನಾನು ಕೈ ಬಿಡಿಸಿಕೊಳ್ಳಲಿಲ್ಲ. ನಿಮ್ಮ ನಿಧಿ ಆಗ ಹೈಸ್ಕೂಲಿನ ಹುಡುಗಿ. "ಅಂಕಲ್, ಡಿಡ್ ಅಪ್ಪ ಸೇ ಎನಿಥಿಂಗ್?" ಎಂದು ಕೇಳಿದಳು. "ನಥಿಂಗ್, ಪುಟ್ಟಿ" ಎಂದೆ.

ಹೇಳಬಹುದಾಗಿದ್ದ ವರ್ಷಗಳೆಲ್ಲ ಹೀಗೇ ಕಳೆದವು. ಕ್ಲಬ್ಬು ಬೆಳೆಯಿತು, ದೂರದ ಪ್ಲೇನ್‌ಫೀಲ್ಡ್‌ನಿಂದಲೂ ಮಕ್ಕಳು ಬಂದರು, ಕಪ್‌ಗೆ ಅವನ ಹೆಸರಾಯಿತು. ಅವನು ಹೋದ ದಿನ ಹಾಸಿಟ್ಟ ಎಲೆಗಳನ್ನು ಯಾರೂ ಮುಟ್ಟಿರಲಿಲ್ಲ. ಸೋತವರು ಬಡಿಸುವ ನಿಯಮ ಅಲ್ಲಿಗೇ ನಿಂತಿತು. ಅಂದಿನಿಂದ ಎರಡೂ ಊರಿನವರಿಗೆ ನೀವೊಬ್ಬರೇ ಬಡಿಸುತ್ತೀರಿ. ಎಷ್ಟು ಹೇಳಿದರೂ ಕೂರುವುದಿಲ್ಲ. ವಿದ್ಯಾ ಆಂಟಿಯದು ದೊಡ್ಡ ಮನಸ್ಸು ಎನ್ನುತ್ತಾರೆ ಹುಡುಗರು. ನಾನೂ ಹಾಗೇ ತಿಳಿದಿದ್ದೆ.

ಈ ವಸಂತದಲ್ಲಿ ನಿಧಿಯ ಮಗುವಿನ ತೊಟ್ಟಿಲ ದಿನ, ಅಡುಗೆಮನೆಯಲ್ಲಿ ನೀವು ನನ್ನ ಹೆಂಡತಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. "ಅವತ್ತ ಮುಂಜಾನೆ ಗಡಿಬಿಡಿಯೊಳಗ ಅವರಿಗೆ ಬಿ.ಪಿ. ಗುಳಿಗಿ ಕೊಡೂದು ಮರತೆ ನೋಡ್ರಿ. ನಾನ ಕೊಂದೆ ಅವರನ್ನ. ಅದಕ್ಕ ಅಲ್ಲಿ ಕೂತು ಉಣ್ಣಾಕ ನನಗ ಆಗೂದಿಲ್ಲ."

ನಾನು ಬಾಗಿಲಲ್ಲೇ ಇದ್ದೆ. ಒಳಗೆ ಬರಬೇಕಿತ್ತು. ಬರಲಿಲ್ಲ, ಕಾರಿಗೆ ಹೋಗಿ ಕೂತೆ. ಥೂ! ಇಷ್ಟು ವರ್ಷ ನನ್ನ ಪಾಪವನ್ನು ನೀವು ಹೊತ್ತಿದ್ದಿರಿ, ನಾನು ನೀವು ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಿದ್ದೆ.

ಒಂದು ದಿನ ತಪ್ಪಿದ ಬಿ.ಪಿ. ಗುಳಿಗೆಯಿಂದ ಅವನು ಹೋಗಲಿಲ್ಲ, ವೈನಿ. ಇದನ್ನು ಡಾಕ್ಟರ್ ಆಗಿ ಹೇಳುತ್ತಿದ್ದೇನೆ, ಈ ಸಲ ಸಾಗಹಾಕಲು ಅಲ್ಲ. ಆಸ್ಪತ್ರೆಗೆ ಒಯ್ದಿದ್ದರೆ ಖಂಡಿತ ಉಳಿಯುತ್ತಿದ್ದ ಎಂದೂ ಹೇಳಲಾರೆ. ಉಳಿಯಬಹುದಿತ್ತು. ಆ ಅವಕಾಶ ಅವನಿಗೆ ಸಿಗದಂತೆ ಮಾಡಿದವನು ನಾನು.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಇದನ್ನು ಮೊದಲು ನಿಮ್ಮ ಮನೆಗೆ ಬಂದು, ನಿಮ್ಮೆದುರು ಕೂತು ಓದುತ್ತೇನೆ. ನಿಧಿಗೆ ಅವಳ ಇಂಗ್ಲಿಷಿನಲ್ಲೇ ಹೇಳುತ್ತೇನೆ, ಒಂದು ಮಾತನ್ನೂ ಬಿಡದೆ. ಶನಿವಾರ ಕ್ಯಾಂಟನ್‌ನವರು ಬರುತ್ತಾರೆ. ಕಪ್ ಕೊಡುವ ಮೊದಲು, ಮೂರ್ತಿಯ ಎದುರೇ, ಅದೇ ಮೈಕಿನಲ್ಲಿ ಗುರುರಾಜ ಹೇಳಿದ ಮಾತನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳುತ್ತೇನೆ. ಆಮೇಲೆ ಎಲೆ ಹಾಸುತ್ತೇನೆ. ನಿಮ್ಮದೂ ಒಂದು ಎಲೆ ಇರುತ್ತದೆ. ನನ್ನ ಕೈಯಿಂದ ಬಡಿಸಿಕೊಳ್ಳಲು ಮನಸ್ಸಾಗದಿದ್ದರೆ ಬೇರೆ ಯಾರಾದರೂ ಬಡಿಸಲಿ. ಆದರೆ ನೀವು ಕೂತು ಉಣ್ಣಿ, ವೈನಿ. ನೀವೇನೂ ಮಾಡಿಲ್ಲ.