ದಾಸವಾಳದ ಬೇಲಿ

ಮಾಣಿ, ಕೂಸೇ, ನಿಮ್ಮ ಅಜ್ಜ ತೀರಿಕೊಂಡ ವರ್ಷ ಬಟ್ಟೆ ಒಗೆಯುವ ಕಲ್ಲಿನ ಸುತ್ತ ದಾಸವಾಳದ ಟೊಂಗೆ ಊರಿದೆ. ಯಾರ ಕಣ್ಣಿಗೂ ಬೀಳದೆ ಅಳಲು ನನಗೊಂದು ಮರೆ ಬೇಕಿತ್ತು. ಬೇಸಿಗೆಯಲ್ಲೂ ಎಲೆ ಉದುರದ ಗಿಡವೆಂದು ಅದನ್ನೇ ಆರಿಸಿ, ಒಗೆದ ನೀರು ಹರಿಸಿ ತಲೆಯೆತ್ತರ ಬೆಳೆಸಿದೆ. ಹೂವಿನ ಯೋಚನೆ ನನಗೆ ಬಂದಿರಲೇ ಇಲ್ಲ. ಹೂ ಬಿಟ್ಟಿದ್ದೇ ತಡ, ಬೆಳಗಾದರೆ ನೆರೆಯ ಹೆಂಗಸರು ಬುಟ್ಟಿ ಹಿಡಿದು ಬೇಲಿಯ ಬಳಿಯೇ ನಿಲ್ಲತೊಡಗಿದರು.

"ಅತ್ಗೆ, ದೇವ್ರಿಗೆ ನಾಕು ಹೂವು ಕೊಯ್ಕತ್ತೆ. ಎಂತಕ್ಕೆ ಕಣ್ಣು ಕೆಂಪಾಜು?"

"ಒಲೆ ಹೊಗೆ," ಎನ್ನುತ್ತಿದ್ದೆ.

ದೇವರಿಗೆ ಎಂದವರಿಗೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಮೊಗ್ಗೇ ಬಿಡದಿರಲೆಂದು ಸುಡು ಬೇಸಿಗೆಯಲ್ಲಿ ಬೇಲಿಯನ್ನು ಮೊಣಕಾಲೆತ್ತರಕ್ಕೆ ಕಡಿದೆ. ಗಿಡಗಳು ಒಣಗಿದವು; ರಸ್ತೆಯಲ್ಲಿ ಹೋಗುವ ಸಿದ್ದಾಪುರದ ಬಸ್ಸಿನಲ್ಲಿ ಕೂತವರಿಗೂ ನಾನು ಕಾಣುವಂತಾಯಿತು. ಆಮೇಲೆ ಅಳಲು ಜಾಗವೇ ಸಿಗಲಿಲ್ಲ, ಇಷ್ಟು ವರ್ಷವೂ. ಅಳದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಈ ಹಾಳೆಗಳಿಗೆ ಗೆದ್ದಲು ಹಿಡಿಯದ ಹಾಗೆ ನೋಡಿಕೊಳ್ಳಿ.