ದ್ರಾಕ್ಷಿ ಪೆಟ್ಟಿಗೆಯ ಅಡಿಗೆಮನೆ

ಪಾತ್ರೆ ಚಿಕ್ಕದಾದಷ್ಟೂ ಚೆಂದ ಕಾಣುತ್ತದೆ. ಕಾರಣ ಬಹಳ ಸರಳ, ಅದನ್ನು ಯಾರೂ ತಿಕ್ಕಬೇಕಾಗಿಲ್ಲ. ಹಿತ್ತಲಲ್ಲಿ ಮಸಿ ಹಿಡಿದು ಕೂತ ಹಂಡೆಯನ್ನು ನೋಡಿ ‘ಅಯ್ಯೋ, ಎಷ್ಟು ಮುದ್ದಾಗಿದೆ!’ ಎಂದವರನ್ನು ನಾನಂತೂ ಕಂಡಿಲ್ಲ. ಅದೇ ಹಂಡೆಯನ್ನು ಹೆಬ್ಬೆರಳಿನಷ್ಟು ಮಾಡಿ ಇಟ್ಟು ನೋಡಿ, ಬಂದವರೆಲ್ಲ ಕೆನ್ನೆಗೆ ಕೈ ಹಚ್ಚಿಕೊಳ್ಳುತ್ತಾರೆ. ದೇವರಿಗೂ ಈ ಗುಟ್ಟು ಗೊತ್ತಿರಬೇಕು. ಆತನ ನೈವೇದ್ಯದ ಬಟ್ಟಲು, ಗಿಂಡಿ, ಸೌಟು ಎಲ್ಲವೂ ಆಟಿಕೆಯ ಅಳತೆಯವೇ.

ಈ ತತ್ವಜ್ಞಾನ ನನಗೆ ಹೊಳೆದದ್ದು ಇಂಡಿ ಪಟ್ಟಣದ ನಮ್ಮ ಮನೆಯ ಪಡಸಾಲೆಯಲ್ಲಿ. ಮಾಸ್ತರಿಕೆಯಿಂದ ನಿವೃತ್ತಳಾದ ಮೇಲೆ ಮಧ್ಯಾಹ್ನಗಳು ಉದ್ದವಾಗಿವೆ. ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದ ಹೆಂಗಸು ಗೊಂಬೆಮನೆಯ ಅಡಿಗೆಕೋಣೆಗೆ ಹಳೆಯ ಕಾಲದ ಪುಟ್ಟ ಒಲೆ, ಪುಟ್ಟ ಕಪಾಟು ಜೋಡಿಸುತ್ತಿದ್ದಳು. ಅದಕ್ಕೆ ‘ವಿಂಟೇಜ್’ ಎನ್ನುತ್ತಾರಂತೆ. ನಾವು ಕಾಲಿಗೆ ಅಡ್ಡ ಬರುತ್ತದೆಂದು ಗುಜರಿಗೆ ಹಾಕಿದ್ದು ಇನ್ನೊಬ್ಬರ ಮನೆಯಲ್ಲಿ ದೀಪದ ಕೆಳಗೆ ಕೂತರೆ ಅದು ವಿಂಟೇಜ್. ಹಾಗಾದರೆ ನನ್ನ ಬಳಿಯೂ ಒಂದಿದೆಯಲ್ಲ ಅಂದುಕೊಂಡೆ: ಮಸೂತಿ ಎಂಬ ಹಳ್ಳಿಯಲ್ಲಿದ್ದ ನಮ್ಮ ಹಳೆಯ ಮನೆಯ ಅಡಿಗೆಮನೆ. ಹೊಸ ಸೊಸೆಯಾಗಿ ನಾನು ದಿನವೂ ಕಣ್ಣೀರು ಸುರಿಸಿದ್ದು ಅಲ್ಲಿಯೇ. ದುಃಖದಿಂದಲ್ಲ, ಹೊಗೆಯಿಂದ. ಆ ಮನೆ ಬಿದ್ದು, ಆ ಜಾಗದಲ್ಲಿ ಸಿಮೆಂಟಿನ ಕಟ್ಟಡ ಎದ್ದು ಎಷ್ಟೋ ಕಾಲವಾಯಿತು.

ದಪ್ಪ ರಟ್ಟಿನ ದ್ರಾಕ್ಷಿ ಪೆಟ್ಟಿಗೆಯೊಂದನ್ನು ಅಡ್ಡ ಮಲಗಿಸಿ ಒಳಗೆ ಮಣ್ಣು ಮೆತ್ತಿದೆ. ಹೊಲಿಗೆಯ ಬೆರಳುಟೋಪಿ ನೀರಿನ ಕೊಡವಾಯಿತು. ಕೆಮ್ಮಿನ ಔಷಧದ ಮುಚ್ಚಳ ಹಿಟ್ಟು ನಾದುವ ಪರಾತವಾಯಿತು. ನನ್ನ ಯಜಮಾನರ ಅಂಗಿಯ ಗುಂಡಿಗಳು ಒಂದೊಂದಾಗಿ ತಾಟುಗಳಾದವು. ಅವರು ಎದೆಗೆ ಸೇಫ್ಟಿ ಪಿನ್ನು ಚುಚ್ಚಿಕೊಂಡು ಸಂತೆಗೆ ಹೋಗಿಬರುತ್ತಿದ್ದರು. ಕೇಳಿದರೆ ಈ ಮನೆಯಲ್ಲಿ ಉತ್ತರ ಸಿಗುವುದಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತು. ಉತ್ಸಾಹ ತಡೆಯದೆ ನಿಜವಾದ ಜೋಳದ ಹಿಟ್ಟಿನಲ್ಲೇ ಪುಟ್ಟ ರೊಟ್ಟಿ ತಟ್ಟಿ ಒಣಗಿಸಿ ಇಟ್ಟೆ. ಮರುದಿನ ಇರುವೆಗಳು ಅವನ್ನು ತಲೆಯ ಮೇಲೆ ಹೊತ್ತು ಗೋಡೆಗುಂಟ ಮೆರವಣಿಗೆ ಹೊರಟಿದ್ದವು. ನನ್ನ ರೊಟ್ಟಿಗೆ ಅಷ್ಟು ಮರ್ಯಾದೆ ಮನುಷ್ಯರಿಂದ ಎಂದೂ ಸಿಕ್ಕಿಲ್ಲ.

ಒಲೆಯನ್ನು ಮಾತ್ರ ಭಕ್ತಿಯಿಂದ ಮಾಡಿದೆ. ಅದನ್ನು ಮಸೂತಿಯಲ್ಲಿ ಇದ್ದ ಹಾಗೆಯೇ ಕತ್ತಲೆಯ ಮೂಲೆಯಲ್ಲಿ ಕೂರಿಸಿ, ಹಿಂದಿನ ಗೋಡೆಗೆ ದೀಪದ ಮಸಿಯನ್ನೂ ಬಳಿದೆ. ಮರುದಿನ ನೋಡಿದರೆ ಒಲೆ ಎದುರಿನ ಗೋಡೆಯ ಬಳಿ ಕೂತಿತ್ತು. ತಂದು ಮೂಲೆಗಿಟ್ಟೆ. ಅದು ಮತ್ತೆ ಹೋಯಿತು. ಹಲ್ಲಿಯನ್ನು ಅನುಮಾನಿಸಿದೆ, ಯಜಮಾನರನ್ನು ಅನುಮಾನಿಸಿದೆ. ಕೊನೆಗೆ ಉಳಿದವರು ಅತ್ತೆ.

ಅತ್ತೆಗೆ ಎಂಬತ್ತು ದಾಟಿದೆ. ಆ ಮಸೂತಿಯ ಅಡಿಗೆಮನೆಯನ್ನು ಆಳಿದವರು ಅವರೇ. ಕಣ್ಣು ಮುಚ್ಚಿ ಕೈ ಚಾಚಿದರೆ ಜೀರಿಗೆ ಡಬ್ಬಿ ಸಿಗಬೇಕು, ಅಂಥ ಶಿಸ್ತು. ಅಂಥವರಿಗೆ ಒಲೆ ಎಲ್ಲಿತ್ತೆಂಬುದೇ ಮರೆತುಹೋಯಿತೇ? ನನಗೆ ನಗು ಬರಬೇಕಿತ್ತು, ಭಯ ಬಂತು. ಸೂಕ್ಷ್ಮವಾಗಿ ಕೇಳಿದೆ.

“ಅತ್ತಿ, ನಮ್ಮ ಮಸೂತಿ ಮನ್ಯಾಗ ಒಲಿ ಎಲ್ಲಿತ್ರಿ?”

“ನಾ ಇಟ್ಟಲ್ಲಿ,” ಎಂದು ಮಗ್ಗುಲು ಬದಲಿಸಿದರು.

ಯಜಮಾನರಿಗೆ ಹೇಳಿದೆ. ಅವರ ಮುಖವೂ ಸಪ್ಪಗಾಯಿತು. “ವಿಜಯಪುರಕ್ಕ ಕರಕೊಂಡು ಹೋಗಿ ಡಾಕ್ಟರಿಗೆ ತೋರ್ಸೂಣೇನು?” ಎಂದರು. ಅಷ್ಟು ಹೊತ್ತು ಆಟವಾಗಿದ್ದದ್ದು ಆಟವಾಗಿ ಉಳಿಯಲಿಲ್ಲ. ಇಡೀ ಜೀವಮಾನ ನನ್ನ ತಪ್ಪುಗಳನ್ನು ಒಂದೂ ಬಿಡದೆ ನೆನಪಿಟ್ಟ ತಲೆ ಅದು. ಅದು ಖಾಲಿಯಾದರೆ ನನ್ನ ಅರ್ಧ ಇತಿಹಾಸವೂ ಹೋದ ಹಾಗೆ.

ಒಂದು ಮಧ್ಯಾಹ್ನ ನಿದ್ದೆ ಬಂದಂತೆ ಮಲಗಿ ಕಾದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಪೆಟ್ಟಿಗೆಯ ಮುಂದೆ ಕೂತು ಒಲೆಯನ್ನು ಎದುರಿನ ಗೋಡೆಗೆ ಸರಿಸಿದರು. ಆಮೇಲೆ ಸೆರಗಿನಿಂದ ತರಕಾರಿ ಚಾಕು ತೆಗೆದು, ಒಲೆಯ ಮೇಲ್ಗಡೆ ರಟ್ಟನ್ನು ಚೌಕಾಕಾರವಾಗಿ ಕೊಯ್ಯತೊಡಗಿದರು.

“ಅತ್ತಿ, ಏನ ಮಾಡಾಕತ್ತೀರಿ?”

ಅತ್ತೆ ಬೆಚ್ಚಲಿಲ್ಲ. “ಕಿಟಿಕಿ.”

“ಅಲ್ಲಿ ಕಿಟಿಕಿ ಎಲ್ಲಿತ್ರಿ? ಬರೇ ಗ್ವಾಡಿ ಇತ್ತಲ್ಲ!”

“ಗ್ವಾಡಿ ಇತ್ತಂತ ನನಗ ನೀ ಹೇಳ್ತಿಯೇನು? ಒಲಿ ಈ ಕಡಿ ಸರಿಸಿ ಒಂದ ಕಿಟಿಕಿ ಬಿಡಸ್ರಿ, ಹೊಗಿ ಹೋಗ್ತೈತಿ ಅಂತ ನಾ ಭಾಳ ಬೇಡಿದ್ದೆ. ‘ರೊಟ್ಟಿ ಬಡಿಯಾಕ ಬಂದಿಯೋ, ದಾರಿ ನೋಡಾಕ ಬಂದಿಯೋ’ ಅಂದ್ಲು ನಮ್ಮತ್ತಿ.”

ಮರೆವಿನ ಭಯ ಅಲ್ಲಿಗೇ ಹಾರಿಹೋಯಿತು. ಅದರ ಜಾಗಕ್ಕೆ ಹಳೆಯ ಸಿಟ್ಟು ಬಂದು ಕೂತಿತು.

“ಮುಂದ ನಿಮ್ಮ ಕಡಿ ನಾನೂ ಅದನ್ನ ಕೇಳಿದ್ನಲ್ರಿ?”

“ಕೇಳಿದ್ದಿ.” ಅತ್ತೆ ಚಾಕು ಕೆಳಗಿಟ್ಟರು. “ನನಗ ಸಿಗಲಾರದ್ದು ನಿನಗ್ಯಾಕ ಸಿಗಬೇಕು ಅನಿಸ್ತು. ಈ ವಯಸ್ಸಿಗೆ ಸುಳ್ಳ್ಯಾಕ ಹೇಳ್ಲಿ?”

ಇಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ಇಷ್ಟು ಅಪ್ಪಟ ಮಾತು ನಾನು ಕೇಳಿರಲಿಲ್ಲ. ಜಗಳ ಆಡೋಣವೆಂದರೆ ಜಗಳಕ್ಕೆ ಏನೂ ಉಳಿದಿರಲಿಲ್ಲ. ನಾನೇ ಚಾಕು ತೆಗೆದುಕೊಂಡೆ. “ಹಿಂಗ ಅಲ್ಲ, ಇನ್ನೂ ಅಗಲ,” ಎಂದರು. ಅಗಲ ಮಾಡಿದೆ. ಮಧ್ಯಾಹ್ನದ ಬಿಸಿಲು ಚೌಕವಾಗಿ ಒಲೆಯ ಮೇಲೆ ಬಿತ್ತು. ಇಬ್ಬರೂ ತಲೆಗೆ ತಲೆ ಹಚ್ಚಿ ಅದನ್ನೇ ನೋಡುತ್ತ ಬಹಳ ಹೊತ್ತು ಕೂತೆವು.

ಮುಂದಿನ ವಾರ ಬಸವನಬಾಗೇವಾಡಿಯಿಂದ ನನ್ನ ನಾದಿನಿ ಬಂದಳು. ಪೆಟ್ಟಿಗೆ ನೋಡಿ ಹಿಗ್ಗಿದಳು, ಕೊಡ ಎತ್ತಿದಳು, ತಾಟು ಮುಟ್ಟಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

“ಯವ್ವಾ, ಇಲ್ಲಿ ಕಿಟಿಕಿ ಇರಲಿಲ್ಲಲ್ಲ?”

“ಇತ್ತು,” ಎಂದರು ಅತ್ತೆ. “ನೀ ಸಣ್ಣಾಕಿ ಇದ್ದಿ, ನಿನಗೇನ ಗೊತ್ತು.”

ನನಗೂ ನಾದಿನಿಗೂ ನಡೆದ ಯಾವ ವ್ಯಾಜ್ಯದಲ್ಲೂ ಅತ್ತೆಯ ಮತ ಅಂದಿನವರೆಗೆ ನನ್ನ ಕಡೆ ಬಿದ್ದದ್ದಿಲ್ಲ. ನಾದಿನಿ ನನ್ನತ್ತ ತಿರುಗಿದಳು. ಎಷ್ಟೋ ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಕಲಿಸಿದ ನಾನು ಕಣ್ಣು ಮಿಟುಕಿಸದೆ ಹೇಳಿದೆ: “ಇತ್ತಲ್ಲವಾ, ಮರ್ತಿಯೇನು?”

ಆಕೆ ಪಾಪ, ತನ್ನ ನೆನಪಿನ ಮೇಲೇ ಮುನಿಸಿಕೊಂಡು, ಫೋಟೋ ತೆಗೆದು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದಳು. ಚಹಾ ಕುದಿಯುವಷ್ಟರಲ್ಲಿ ಮುದ್ದೇಬಿಹಾಳದಲ್ಲಿರುವ ಮೈದುನನ ಉತ್ತರ ಬಂತು. ನಾನು ಗಟ್ಟಿಯಾಗಿ ಓದಿದೆ: “ಇದ್ದಂಗ ಐತಿ ನೋಡ್ರಿ! ಈ ಕಿಟಿಕ್ಯಾಗ ಕುಂತ ಬಿಸಿ ರೊಟ್ಟಿ ತಿಂತಿದ್ದೆ. ಆ ತಂಪ ಗಾಳಿ ಇವತ್ತಿಗೂ ನೆನಪೈತಿ.”

ಕಿಟಕಿಯನ್ನು ಕೊರೆಯಲು ನಮಗೆ ಅಷ್ಟು ಕಷ್ಟವಾಗಿತ್ತು. ಅದಕ್ಕೆ ಗಾಳಿಯನ್ನು ಮಾತ್ರ ಅವನು ಒಂದು ಕ್ಷಣದಲ್ಲಿ, ಮುದ್ದೇಬಿಹಾಳದಿಂದಲೇ ಒದಗಿಸಿಬಿಟ್ಟ. ಅತ್ತೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಬಹಳ ಗಂಭೀರವಾಗಿ ನನ್ನ ಮೊಬೈಲಿನತ್ತ ಬೆರಳು ಮಾಡಿದರು.

“ಬರಿ ಅಂವಗ: ನೀ ಅಡ್ಡ ಕುಂತಿದ್ದಕ್ಕ ನಮಗ ಒಳಗ ಬೆಳಕ ಬರ್ತಿರಲಿಲ್ಲಂತ.”

ಬರೆದೆ.