ಗ್ರೈಂಡರಿನ ಮಣೆ

ನಮ್ಮ ವಂಶದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಬರೆಯಲು ಕುಳಿತಾಗ ಪದವೊಂದು ತಪ್ಪೀತೇ ಎಂಬ ಅಳುಕು ಇನ್ನೂ ಹೋಗಿಲ್ಲ. ವಿದ್ಯುತ್ತಿನ ವಿಷಯ ಬಲ್ಲವರಿಗೆ ಈ ಬರಹದಲ್ಲಿ ಕೊರತೆ ಕಂಡರೆ, ಅದು ನನ್ನದೇ ಹೊರತು ನನಗೆ ತೋರಿಸಿಕೊಟ್ಟವರದಲ್ಲವೆಂದು ತಿಳಿದು ಮನ್ನಿಸಬೇಕು. ಒಣ ಮಣ್ಣಿನ ಮೇಲೆ ಅಕ್ಕಿ ತೊಳೆದ ನೀರು ಬಿದ್ದಾಗ ತುಸು ಹುಳಿಯಾದ, ತಂಪಾದ ಒಂದು ವಾಸನೆ ಏಳುತ್ತದೆ. ಮೊನ್ನೆ ಹೂಕುಂಡಕ್ಕೆ ಆ ನೀರು ಸುರಿದಾಗ ಅದೇ ವಾಸನೆ ಬಂತು. ಅದರ ಹಿಂದೆಯೇ ದಾವಣಗೆರೆಯ ವಿನೋಬನಗರದ ನಮ್ಮ ಹಳೆಯ ಮನೆ, ಅದರ ಹಿತ್ತಿಲು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಾತ್ರೆ ಹಿಡಿದು ನಿಂತ ನನ್ನ ಅಜ್ಜಿ, ಎಲ್ಲವೂ ಬಂದವು.

ಅಜ್ಜಿ ಹರಿಹರ ತಾಲ್ಲೂಕಿನ ಸಾರಥಿ ಎಂಬ ಹಳ್ಳಿಯವಳು. ಹೊಲದಲ್ಲಿ ದುಡಿದು ಬೆಳೆದ ಆಕೆಗೆ ಪೇಟೆಯಲ್ಲಿ ಕೈಕಟ್ಟಿ ಕೂಡುವುದು ಒಗ್ಗಲಿಲ್ಲ. ಯಾರೋ ಬಳಸಿ ಬಿಟ್ಟ ಗ್ರೈಂಡರೊಂದನ್ನು ಕೊಂಡು, ಓಣಿಯ ಮನೆಗಳಿಗೆಲ್ಲ ದೋಸೆಹಿಟ್ಟು ರುಬ್ಬಿಕೊಡತೊಡಗಿದಳು. ಕಬ್ಬಿಣದ ಮೈಯ ಆ ಗ್ರೈಂಡರಿಗೆ ಒಂದು ಚಾಳಿಯಿತ್ತು. ಒದ್ದೆ ಕೈಯಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಅದಕ್ಕೆ ನಮ್ಮವರು ಕಂಡುಕೊಂಡ ಪರಿಹಾರ ಒಂದು ಮರದ ಮಣೆ. ಅದರ ಮೇಲೆ ನಿಂತು ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ಅಜ್ಜಿ ಮದುವೆಯ ದಿನ ಕುಳಿತಿದ್ದ ಮಣೆ ಅದು. ಕೂಡುವ ಮಣೆಯನ್ನು ಕಾಲಿನಿಂದ ಮೆಟ್ಟಬೇಕಾಯಿತಲ್ಲ ಎಂಬ ಸಂಕೋಚಕ್ಕೆ, ಪ್ರತಿದಿನ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತುತ್ತಿದ್ದಳು. ಹಿಟ್ಟು ಒಯ್ಯಲು ಬಂದವರು ಗ್ರೈಂಡರಿನ ಹತ್ತಿರ ಸುಳಿದರೆ "ಮಣಿ ಹತ್ತಿ ಮುಟ್ರಿ" ಎಂದು ನಾವು ಒಳಗಿನಿಂದಲೇ ಕೂಗುತ್ತಿದ್ದೆವು. ಕುಕ್ಕರಿಗೆ ಸೀಟಿ ಇರುವಂತೆ ಗ್ರೈಂಡರಿಗೆ ಮಣೆ ಇರುವುದೇ ಕ್ರಮವೆಂದು ನಾನು ನಂಬಿದ್ದೆ.

ಒಂದು ಬೇಸಿಗೆಯಲ್ಲಿ ಅಜ್ಜಿಯ ಕಾಲು ಮಣೆಯಿಂದ ಒದ್ದೆ ನೆಲಕ್ಕೆ ಜಾರಿತು. ಗ್ರೈಂಡರಿನ ಅಂಚು ಹಿಡಿದಿದ್ದ ಕೈಗೆ ಕರೆಂಟು ಹೊಡೆದು, ಆಕೆ ಗೋಡೆಗೆ ಹೋಗಿ ಬಿದ್ದಳು. ಪೆಟ್ಟು ದೊಡ್ಡದಾಗಲಿಲ್ಲ. ಆದರೆ ಅಮ್ಮ ಪ್ಲಗ್ಗು ಕಿತ್ತವಳೇ, ಗುಜರಿಯವನನ್ನು ಕರೆಸುತ್ತೇನೆಂದು ಪಟ್ಟು ಹಿಡಿದಳು. ಅಜ್ಜಿಗೆ ಊಟ ಸೇರದಾಯಿತು.

"ಅದು ಹೋದ್ರೆ ನಾ ಏನ್ ಮಾಡ್ಲಿ? ಗ್ವಾಡಿ ನೋಡ್ಕಂತ ಕೂಡ್ಲಾ?"

"ಕೂಡ್ರಿ ಅತ್ತಿ. ಜೀವ ಇದ್ರೆ ಗ್ವಾಡಿನಾದ್ರೂ ಕಾಣ್ತೈತೆ."

ಅಪ್ಪನ ತಮ್ಮ ನಾಗರಾಜ ಚಿಕ್ಕಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಮೋಟಾರು ದುರಸ್ತಿ ಮಾಡುತ್ತಿದ್ದ. ಆ ಭಾನುವಾರ ಬಸ್ಸಿನಲ್ಲಿ ಬಂದವನು ಇಬ್ಬರ ದೂರನ್ನೂ ಕೇಳಿ, ಗ್ರೈಂಡರಿನ ಪ್ಲಗ್ಗನ್ನು ಅಜ್ಜಿಯ ಮಡಿಲಿಗಿಟ್ಟ. "ಇದನ್ನ ಹಿಡ್ಕಂಡು ಕೂತ್ಕ ಅವ್ವ. ನಾ ಕೇಳೋತನ ಯಾರಿಗೂ ಕೊಡಬ್ಯಾಡ" ಎಂದ. ಏನನ್ನು ಬಿಚ್ಚುವಾಗಲೂ ಪ್ಲಗ್ಗು ತನಗೆ ಕಾಣುವಂತೆ ಒಬ್ಬರ ಕೈಯಲ್ಲಿರಬೇಕೆಂಬುದು ಅವನ ಪದ್ಧತಿ. ಒಳಗೆ ನೋಡಿದರೆ, ವೈರು ಹಾಯುವ ತೂತಿನ ರಬ್ಬರ್ ಬಳೆ ಎಂದೋ ಉದುರಿತ್ತು. ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಹೊದಿಕೆ ಸವೆದು, ತಾಮ್ರ ಗ್ರೈಂಡರಿನ ಮೈಗೆ ತಾಗುತ್ತಿತ್ತು. ಅವನು ಹಳೆಯ ಎರಡೆಳೆಯ ವೈರನ್ನು ತೆಗೆದೆಸೆದು ಮೂರೆಳೆಯದನ್ನು ತಂದ. ತೂತಿಗೆ ಹೊಸ ಬಳೆ ತೊಡಿಸಿ, ಹೊರಗಿನಿಂದ ಎಳೆದರೂ ಜಗ್ಗದಂತೆ ವೈರನ್ನು ಒಳಗೆ ಪಟ್ಟಿಯಿಂದ ಬಿಗಿದ. ಕೆಂಪು, ಕಪ್ಪು ಎಳೆಗಳನ್ನು ಅವುಗಳ ಸ್ಥಾನಕ್ಕೆ ಸೇರಿಸಿದ. ಹಸಿರು ಎಳೆ ಕೂಡುವ ಕಡೆ ಬಣ್ಣವನ್ನು ಕೆರೆದು, ಹೊಳೆಯುವ ಬರಿಯ ಕಬ್ಬಿಣಕ್ಕೆ ಅದನ್ನು ತಿರುಪಿನಿಂದ ಬಿಗಿದ. ಹೊಸ ಪ್ಲಗ್ಗಿನೊಳಗೆ ಹಸಿರನ್ನು ಮಾತ್ರ ತುಸು ಉದ್ದ ಬಿಟ್ಟು ನನಗೆ ತೋರಿಸಿದ. "ಯಾರಾರ ಜಗ್ಗಿದ್ರೆ ಉಳಿದವು ಮೊದ್ಲು ಕಿತ್ತು ಬರ್ಲಿ. ಇದು ಕಡೀಗೆ." ಆ ಪ್ಲಗ್ಗೂ ಅಜ್ಜಿಯ ಮಡಿಲಿಗೇ ಹೋಯಿತು.

"ಕೂಸು ಹಿಡ್ಕಂಡು ಕೂತಂಗಾತು" ಎಂದಳು ಅಜ್ಜಿ.

"ಇದು ಅಳಂಗಿಲ್ಲ ಬಿಡು."

ಗೋಡೆಯ ಸಾಕೆಟ್ಟಿಗೆ ಮೂರು ತೂತುಗಳಿದ್ದರೂ ಮೂರನೆಯದರ ಹಿಂದೆ ವೈರೇ ಇರಲಿಲ್ಲ. ಚಿಕ್ಕಪ್ಪ ಮೇನ್ ಆಫ್ ಮಾಡಿ, ಹಿತ್ತಿಲಲ್ಲಿ ಆಳವಾದ ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪಿನ ನಡುವೆ ಕೊಳವೆಯೊಂದನ್ನು ನೆಟ್ಟು, ಮೈಗೆ ತಾಗಿದ ಕರೆಂಟು ಹಸಿರು ಎಳೆ ಹಿಡಿದು ಮಣ್ಣಿಗಿಳಿಯಲೆಂದು ಅಲ್ಲಿಂದ ಸಾಕೆಟ್ಟಿಗೆ ಅರ್ಥಿಂಗ್ ವೈರು ಎಳೆದ. ಆ ಮಣ್ಣು ಒಣಗಬಾರದೆಂದು ಎಚ್ಚರಿಸಿದ. ಸಂಜೆ ಗ್ರೈಂಡರ್ ತಿರುಗತೊಡಗಿತು. ಅವನು ಮೊದಲು ಟೆಸ್ಟರ್ ಇಟ್ಟು ನೋಡಿ, ಬಳಿಕ ತಾನೇ ಮುಂಗೈ ತಾಗಿಸಿ, ಅಜ್ಜಿಯನ್ನು ಕರೆದ. ಅಮ್ಮ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದಳು. ಅಜ್ಜಿ ರೂಢಿಯಂತೆ ಮಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕಾಲೆತ್ತಿದಳು. ಚಿಕ್ಕಪ್ಪ ಬಾಗಿ ಅದನ್ನು ಪಕ್ಕಕ್ಕೆಳೆದ.

"ಮಣಿ ಬ್ಯಾಡವ್ವ. ನೆಲದ ಮ್ಯಾಲೆ ನಿಂತ್ಕ."

ಅಜ್ಜಿ ಬರಿಗಾಲಲ್ಲಿ ನಿಂತು, ಮೊದಲು ಒಂದು ಬೆರಳು, ಆಮೇಲೆ ಇಡೀ ಅಂಗೈ ಊರಿದಳು. ಸ್ವಲ್ಪ ಹೊತ್ತು ಕೈ ತೆಗೆಯಲೇ ಇಲ್ಲ. "ಸುಮ್ನೈತೆ" ಎಂದಳು.

"ಗುಜರಿಯವ ಬಂದ್ರೆ ಏನ್ ಹೇಳ್ಲಿ ಅತ್ತಿ?" ಎಂದಳು ಅಮ್ಮ, ಸ್ವಿಚ್ಚಿನಿಂದ ಬೆರಳು ತೆಗೆಯುತ್ತ.

"ನಿನ್ನ ಮಿಕ್ಸಿ ಕೊಟ್ಟು ಕಳ್ಸು."

ಮರುದಿನದಿಂದ ಅಕ್ಕಿ ತೊಳೆದ ನೀರೆಲ್ಲ ಆ ಗುಂಡಿಯ ಪಾಲಾಯಿತು. ಕೆಲವು ದಿನಗಳಲ್ಲಿ ಅಜ್ಜಿ ಅಲ್ಲೊಂದು ಕಣಗಿಲೆ ಹೂವನ್ನೂ ಇಡತೊಡಗಿದಳು. ಅಮ್ಮ ನಕ್ಕರೆ ಅಜ್ಜಿ, "ಕಾಯೋದು ಅದಲ್ಲೇನು? ಇಟ್ರೆ ನಿಂದೇನ್ ಹೋತು" ಎನ್ನುತ್ತಿದ್ದಳು. ಬಿಸಿಯಾದ ಮೋಟಾರು, ಅರೆದ ಉದ್ದು, ತೊಯ್ದ ಮಣ್ಣು, ಈ ಮೂರರ ವಾಸನೆ ಕೂಡಿದರೆ ಅದೇ ನಮ್ಮ ಮನೆಯ ಸಂಜೆ.

ಈಗ ಅಜ್ಜಿ ಇಲ್ಲ. ವಿನೋಬನಗರದ ಮನೆ ಬಿದ್ದು ಅಲ್ಲಿ ಅಂಗಡಿಗಳೆದ್ದಿವೆ. ಹಿತ್ತಿಲ ಗುಂಡಿ ಕಾಂಕ್ರೀಟಿನ ಕೆಳಗಿದೆ. ನಾವು ಅದೇ ಊರಿನ ನಿಟ್ಟುವಳ್ಳಿಗೆ ಬಂದೆವು. ಆ ಭಾನುವಾರದಿಂದ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟೇ: ಅಜ್ಜಿ ಕಡೆಯವರೆಗೂ ನೆಲದ ಮೇಲೆ ನಿಂತು ಹಿಟ್ಟು ರುಬ್ಬಿದಳು, ಮಣೆಯನ್ನು ಮತ್ತೆ ಯಾರೂ ಮೆಟ್ಟಲಿಲ್ಲ. ಹಬ್ಬದ ದಿನ ಅಮ್ಮ ಅದರ ಮೇಲೆ ಕುಳಿತು ಉಣ್ಣುತ್ತಾಳೆ.